ನೀರಿನ ಲೆಕ್ಕ ಸಿಕ್ಕಿದೆ, ಗಾಳಿಯ ಲೆಕ್ಕ ಇನ್ನೂ ಸಿಕ್ಕಿಲ್ಲ

2024ರ ಸೆಪ್ಟೆಂಬರ್ ನಡುವಿನಲ್ಲಿ ‘ಬೋರಿಸ್’ ಎಂಬ ಚಂಡಮಾರುತ ಮಧ್ಯ ಯುರೋಪಿನ ಮೇಲೆ ಬಂದು ಕುಳಿತಿತು. ‘ಕುಳಿತಿತು’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಚಂಡಮಾರುತ ಎಂದೊಡನೆ ಕಣ್ಣೆದುರು ಬರುವುದು ಬುಡಮೇಲಾದ ಮರ, ಹಾರಿಹೋದ ಚಾವಣಿ. ಬೋರಿಸ್ ನೆನಪಿನಲ್ಲಿ ಉಳಿದದ್ದು ಗಾಳಿಯಿಂದಲ್ಲ. ಜೆಕ್ ಗಣರಾಜ್ಯ, ಪೋಲೆಂಡ್, ಆಸ್ಟ್ರಿಯಾ, ರೊಮೇನಿಯಾಗಳ ಮೇಲೆ ಅದು ದಿನಗಟ್ಟಲೆ ಬಿಡದೆ ಸುರಿಸಿದ ಮಳೆಯಿಂದ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿದಾಗ, ನಾಲ್ಕು ದಿನಗಳ ಅವಧಿಗೆ ಮಧ್ಯ ಯುರೋಪಿನಲ್ಲಿ ದಾಖಲಾದ ಮಳೆಗಳಲ್ಲೆಲ್ಲ ಅದೇ ಅತಿ ದೊಡ್ಡದು ಎಂದು ತಿಳಿಯಿತು. ಮನುಷ್ಯನಿಂದಾದ ತಾಪಮಾನ ಏರಿಕೆ ಆ ಮಳೆಯನ್ನು ಕನಿಷ್ಠ ಶೇ 7ರಷ್ಟು ಹೆಚ್ಚಿಸಿತ್ತು ಎಂಬುದು ಅವರ ತೀರ್ಮಾನ.

ಏಳು ಎಂದರೆ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ನದಿಯ ದಂಡೆಗೂ ನೀರಿನ ಮಟ್ಟಕ್ಕೂ ಉಳಿದಿದ್ದ ಅಂತರ ಅಷ್ಟೇ ಆಗಿದ್ದರೆ, ಊರು ಮುಳುಗುವುದೋ ಉಳಿಯುವುದೋ ಎಂಬುದನ್ನು ಆ ಏಳೇ ತೀರ್ಮಾನಿಸುತ್ತದೆ. ನನ್ನ ಕುತೂಹಲ ಬೇರೆ ಕಡೆಗಿದೆ. ಈ ಅಂಕಿ ಎಲ್ಲಿಂದ ಬಂತು? ಅದನ್ನು ಹೇಳುವಾಗ ವಿಜ್ಞಾನಿಗಳಿಗೆ ಇರುವ ಧೈರ್ಯ, ‘ಇಂಥ ಚಂಡಮಾರುತಗಳು ಮುಂದೆ ಹೆಚ್ಚುತ್ತವೆಯೇ’ ಎಂದು ಕೇಳಿದಾಗ ಏಕೆ ಕುಂದುತ್ತದೆ? ಪ್ರತಿ ಪ್ರವಾಹದ ಮರುದಿನವೂ ಸುದ್ದಿವಾಹಿನಿಗಳು ಈ ಎರಡನೆಯ ಪ್ರಶ್ನೆಯನ್ನೇ ಕೇಳುತ್ತವೆ. ನನ್ನ ಮಟ್ಟಿಗೆ ಅದು ಪ್ರಶ್ನೆಯನ್ನೇ ತಪ್ಪಾಗಿ ಕೇಳುವ ರೀತಿ.

ಒಂದು ಜಾಗದಲ್ಲಿ ಬೀಳುವ ಒಟ್ಟು ಮಳೆ ಮೂರು ಸಂಗತಿಗಳ ಗುಣಲಬ್ಧ: ಗಾಳಿಯಲ್ಲಿ ನೀರಾವಿ ಎಷ್ಟಿದೆ, ಆ ಗಾಳಿ ಎಷ್ಟು ರಭಸದಿಂದ ಮೇಲೇರುತ್ತದೆ, ಈ ಕೆಲಸ ಅದೇ ಜಾಗದ ಮೇಲೆ ಎಷ್ಟು ಹೊತ್ತು ನಡೆಯುತ್ತದೆ. ಅಮೆರಿಕದ ಚಾರ್ಲ್ಸ್ ಡಾಸ್‌ವೆಲ್ ಮತ್ತು ಸಂಗಡಿಗರು 1996ರಲ್ಲಿ ದಿಢೀರ್ ಪ್ರವಾಹಗಳ ಮುನ್ಸೂಚನೆಗೆಂದು ಈ ಸರಳ ವಿಚಾರವನ್ನು ಕ್ರಮಬದ್ಧವಾಗಿ ಮಂಡಿಸಿದರು. ಇಲ್ಲಿರುವುದು ಗುಣಾಕಾರ, ಸಂಕಲನವಲ್ಲ. ಮೂರರಲ್ಲಿ ಒಂದು ಸೊನ್ನೆಯಾದರೆ ಮಳೆಯೇ ಇಲ್ಲ. ಮೂರೂ ಸ್ವಲ್ಪ ಸ್ವಲ್ಪವೇ ಹೆಚ್ಚಿದರೂ ಫಲ ಭಾರಿಯಾಗಿರುತ್ತದೆ. ವಿಜ್ಞಾನಕ್ಕೆ ಮೊದಲನೆಯದರ ಮೇಲೆ ಗಟ್ಟಿ ಹಿಡಿತವಿದೆ. ಉಳಿದೆರಡರ ಮೇಲೆ ಆ ಹಿಡಿತ ಇನ್ನೂ ಕೂಡಿಬಂದಿಲ್ಲ.

ಯಾವ ಚಂಡಮಾರುತ?

ಇಲ್ಲಿ ಮಾತನಾಡುತ್ತಿರುವುದು ಬೆಚ್ಚನೆಯ ಸಮುದ್ರದ ಮೇಲೆ ಹುಟ್ಟಿ, ನಡುವೆ ಕಣ್ಣು ತೆರೆದುಕೊಂಡು ಸುತ್ತುವ ಉಷ್ಣವಲಯದ ಚಂಡಮಾರುತದ ಬಗ್ಗೆ ಅಲ್ಲ. ಅದರ ದಾಯಾದಿಯೊಂದಿದೆ: ಸಮಶೀತೋಷ್ಣ ವಲಯದ ಆವರ್ತಮಾರುತ. ಎರಡೂ ಗೋಳಾರ್ಧಗಳಲ್ಲಿ ಹೆಚ್ಚಾಗಿ 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ, ಪಶ್ಚಿಮದಿಂದ ಪೂರ್ವಕ್ಕೆ, ಒಂದರ ಹಿಂದೆ ಒಂದರಂತೆ ಸಾಗುವ ಬೃಹತ್ ಸುಳಿಗಳು ಇವು. ವ್ಯಾಸ ಸಾವಿರ ಕಿಲೋಮೀಟರ್ ದಾಟುವುದು ಸಾಮಾನ್ಯ. ಉಷ್ಣವಲಯದ ಚಂಡಮಾರುತಕ್ಕೆ ಇಂಧನ ಸಮುದ್ರದ ಶಾಖವಾದರೆ, ಇದಕ್ಕೆ ಇಂಧನ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಸಮಭಾಜಕದ ಕಡೆಯ ಬೆಚ್ಚನೆಯ ಗಾಳಿಗೂ ಇರುವ ವ್ಯತ್ಯಾಸ. ಭಾರವಾದ ತಣ್ಣನೆಯ ಗಾಳಿ ಕೆಳಕ್ಕೆ ನುಗ್ಗುತ್ತದೆ, ಹಗುರವಾದ ಬೆಚ್ಚನೆಯ ಗಾಳಿ ಅದರ ಬೆನ್ನೇರಿ ಮೇಲಕ್ಕೆ ಜಾರುತ್ತದೆ. ಈ ಇಳಿತ ಏರಿಕೆಗಳಲ್ಲಿ ಬಿಡುಗಡೆಯಾಗುವ ಶಕ್ತಿಯೇ ಸುಳಿಯನ್ನು ತಿರುಗಿಸುತ್ತದೆ.

ಇದನ್ನು ಮೊದಲು ಚಿತ್ರವಾಗಿ ಕಂಡವರು ನಾರ್ವೆಯ ಬರ್ಗನ್ ನಗರದವರು. ಮೊದಲನೇ ಮಹಾಯುದ್ಧದ ಕಾಲ ಅದು. ನಾರ್ವೆ ತಟಸ್ಥವಾಗಿತ್ತು, ಆದರೆ ಹೊರಗಿನಿಂದ ಬರುತ್ತಿದ್ದ ಹವಾಮಾನ ಮಾಹಿತಿ ಯುದ್ಧದಿಂದಾಗಿ ನಿಂತುಹೋಗಿತ್ತು. 1917ರಲ್ಲಿ ಬರ್ಗನ್‌ಗೆ ಬಂದ ವಿಲ್‌ಹೆಲ್ಮ್ ಬ್ಯರ್ಕ್ನೆಸ್, ಹೊರಗಿನ ಮಾಹಿತಿ ಬಾರದಿದ್ದರೆ ಒಳಗಿನದನ್ನೇ ದಟ್ಟವಾಗಿಸೋಣ ಎಂದು ಪಶ್ಚಿಮ ಕರಾವಳಿಯುದ್ದಕ್ಕೂ ವೀಕ್ಷಣಾ ಠಾಣೆಗಳನ್ನು ಹೆಚ್ಚಿಸಿದರು. ಆ ದಟ್ಟ ಜಾಲದಲ್ಲಿ ಸಿಕ್ಕ ಅಂಕಿಗಳನ್ನು ನಕ್ಷೆಯ ಮೇಲಿಟ್ಟಾಗ ಮಗ ಯಾಕೊಬ್ ಬ್ಯರ್ಕ್ನೆಸ್‌ಗೆ ಕಂಡದ್ದು, ಮಳೆ ಸುಳಿಯ ತುಂಬ ಹರಡಿಲ್ಲ, ಕೆಲವು ಕಿರಿದಾದ ಗೆರೆಗಳ ಉದ್ದಕ್ಕೆ ಸಾಲುಗಟ್ಟಿದೆ ಎಂಬುದು. 1919ರಲ್ಲಿ ಪ್ರಕಟವಾದ ಅವರ ಕೆಲವೇ ಪುಟಗಳ ಪ್ರಬಂಧ ಹವಾಮಾನ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಆ ಗೆರೆಗಳಿಗೆ ಬರ್ಗನ್ ತಂಡ ‘ಫ್ರಂಟ್’ ಎಂಬ ಹೆಸರು ಕೊಟ್ಟಿತು. ಪತ್ರಿಕೆ ತೆರೆದರೆ ಯುದ್ಧದ ಮುಂಚೂಣಿಯದೇ ಸುದ್ದಿಯಾಗಿದ್ದ ದಿನಗಳಲ್ಲಿ, ಎರಡು ವಾಯುರಾಶಿಗಳು ಮುಖಾಮುಖಿಯಾಗುವ ಗಡಿಗೆ ಇನ್ನಾವ ಹೆಸರು ತಾನೇ ಹೊಳೆದೀತು?

ಆಮೇಲೆ ಬಂದ ಗಣಿತದಲ್ಲಿ ಒಂದು ವಿಚಿತ್ರವಿದೆ. ಇಂಥ ಸುಳಿಗಳು ಏಕೆ ಹುಟ್ಟುತ್ತವೆ ಎಂಬುದನ್ನು 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ ಬೇರೆ ಬೇರೆಯಾಗಿ ಸಮೀಕರಣಗಳಲ್ಲಿ ತೋರಿಸಿಕೊಟ್ಟರು. ಇಂದಿಗೂ ವಿದ್ಯಾರ್ಥಿಗಳು ಕಲಿಯುವುದು ಅದನ್ನೇ. ಆ ಸಮೀಕರಣಗಳಲ್ಲಿ ಗಾಳಿಯಿದೆ, ತಾಪಮಾನವಿದೆ, ಭೂಮಿಯ ತಿರುಗುವಿಕೆಯಿದೆ, ನೀರಿಲ್ಲ! ಒಣಗಾಳಿಯಲ್ಲೇ ಚಂಡಮಾರುತ ಹುಟ್ಟಿಬಿಡುತ್ತದೆ. ಮೊದಲ ಹೆಜ್ಜೆಗೆ ಅದು ಸರಿಯಾದ ಸರಳೀಕರಣವೇ ಆಗಿತ್ತು. ಆದರೆ ನೀರು ಸುಮ್ಮನೆ ಸವಾರಿ ಮಾಡುವ ಪ್ರಯಾಣಿಕ, ಬಂಡಿ ಎಳೆಯುವ ಎತ್ತು ಅಲ್ಲ ಎಂಬ ಭಾವನೆ ಅದರಿಂದಾಗಿ ಬಹುಕಾಲ ಉಳಿದುಕೊಂಡಿತು.

ಏಳರ ಮೂಲ

ಕ್ಲಾಸಿಯಸ್ ಮತ್ತು ಕ್ಲಾಪೇರಾನ್ ಹೆಸರಿನ ಸಮೀಕರಣ ಹತ್ತೊಂಬತ್ತನೇ ಶತಮಾನದ್ದು, ಉಗಿಯಂತ್ರಗಳ ಕಾಲದ್ದು. ಪ್ರವಾಹದ ಚರ್ಚೆಯಲ್ಲಿ ಬರುವ ಏಳರ ಮೂಲ ಅದೇ. ಒಂದು ಘನ ಮೀಟರ್ ಜಾಗದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಾವಿ ಇರಬಲ್ಲದು; 20 ಡಿಗ್ರಿಯಲ್ಲಿ 17 ಗ್ರಾಂ; 30 ಡಿಗ್ರಿಯಲ್ಲಿ 30 ಗ್ರಾಂ. ನಮ್ಮ ವಾತಾವರಣದ ಸಾಮಾನ್ಯ ತಾಪಮಾನಗಳಲ್ಲಿ ಪ್ರತಿ ಒಂದು ಡಿಗ್ರಿ ಏರಿಕೆಗೆ ಇದು ಶೇ 6ರಿಂದ 7ರಷ್ಟು ಹೆಚ್ಚುತ್ತದೆ. ಗಾಳಿ ಸ್ಪಂಜಿನಂತೆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ ಎಂದು ಬರೆದರೆ ಭೌತವಿಜ್ಞಾನಿಗಳು ಸಿಡುಕುತ್ತಾರೆ, ಅದು ನ್ಯಾಯವೇ: ಈ ಮಿತಿ ತಾಪಮಾನದಿಂದ ಬರುವುದು, ಅಲ್ಲಿ ಗಾಳಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆಯ ಲೆಕ್ಕಕ್ಕೆ ಮಾತ್ರ ಫಲಿತಾಂಶ ಬದಲಾಗುವುದಿಲ್ಲ.

ಹಾಗಿದ್ದರೆ ಜಗತ್ತಿನ ಒಟ್ಟು ಮಳೆಯೂ ಡಿಗ್ರಿಗೆ ಶೇ 7ರಂತೆ ಏರಬೇಕಲ್ಲವೇ? ಏರುವುದಿಲ್ಲ. ಜಾಗತಿಕ ಸರಾಸರಿ ಮಳೆಯ ಏರಿಕೆ ಡಿಗ್ರಿಗೆ ಶೇ 1ರಿಂದ 3ರಷ್ಟು ಮಾತ್ರ. ನೀರಾವಿ ಹನಿಯಾದಾಗ ಬಿಡುವ ಶಾಖವನ್ನು ವಾತಾವರಣ ಬಾಹ್ಯಾಕಾಶಕ್ಕೆ ಸಾಗಹಾಕಬೇಕು. ಆ ಸಾಗಣೆಯ ವೇಗಕ್ಕೆ ಮಿತಿಯಿದೆ, ಒಟ್ಟು ಮಳೆಗೆ ಕಡಿವಾಣ ಹಾಕುವುದು ಅದೇ. ಒಂದೊಂದು ಬಿರುಮಳೆಗೆ ಈ ಕಡಿವಾಣ ಇಲ್ಲ. ಆ ಹೊತ್ತಿಗೆ ಅಲ್ಲಿ ಇರುವ ಆವಿಯಷ್ಟನ್ನೂ ಅದು ಹಿಂಡಿಕೊಳ್ಳಬಲ್ಲದು. ಒಟ್ಟು ಮೊತ್ತ ನಿಧಾನಕ್ಕೆ ಏರುತ್ತಿರುವಾಗ ಭಾರಿ ಮಳೆ ವೇಗವಾಗಿ ಏರಿದರೆ, ಎಲ್ಲೋ ಕೊರತೆ ಬೀಳಲೇಬೇಕು: ಸಣ್ಣಪುಟ್ಟ ಮಳೆ ಕುಗ್ಗುತ್ತದೆ, ಎರಡು ಮಳೆಗಳ ನಡುವಿನ ಒಣ ಅವಧಿ ಹಿಗ್ಗುತ್ತದೆ. ಬರ ಮತ್ತು ಪ್ರವಾಹಗಳನ್ನು ಬೇರೆ ಬೇರೆ ಖಾತೆಗಳಿಗೆ ಬರೆಯುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಆವಿ ಬರುವ ದಾರಿಗೆ ಈಚಿನ ವರ್ಷಗಳಲ್ಲಿ ಆಕರ್ಷಕವಾದ ಹೆಸರೊಂದು ಸಿಕ್ಕಿದೆ: ವಾತಾವರಣದ ನದಿ. 1990ರ ದಶಕದಲ್ಲಿ ರೆಜಿನಾಲ್ಡ್ ನ್ಯೂವೆಲ್ ಮತ್ತು ಯಾಂಗ್ ಝು ತೋರಿಸಿದಂತೆ, ಮಧ್ಯ ಅಕ್ಷಾಂಶಗಳಲ್ಲಿ ಧ್ರುವದ ಕಡೆಗೆ ಸಾಗುವ ನೀರಾವಿಯ ಶೇ 90ಕ್ಕೂ ಹೆಚ್ಚು ಪಾಲು ಕೆಲವೇ ಕಿರಿದಾದ ಪಟ್ಟಿಗಳಲ್ಲಿ ಹರಿಯುತ್ತದೆ. ಇವು ಭೂಮಿಯ ಸುತ್ತಳತೆಯ ಹತ್ತನೇ ಒಂದು ಭಾಗವನ್ನಷ್ಟೇ ಆವರಿಸುತ್ತವೆ. ಪ್ರಬಲವಾದ ಒಂದು ಪಟ್ಟಿ, ಮಿಸಿಸಿಪ್ಪಿ ನದಿ ಸಮುದ್ರ ಸೇರುವಲ್ಲಿನ ಸರಾಸರಿ ಹರಿವಿನ ಹದಿನೈದು ಪಟ್ಟಿನವರೆಗೆ ನೀರನ್ನು ಆವಿರೂಪದಲ್ಲಿ ಒಯ್ಯಬಲ್ಲದು. 2015ರ ಡಿಸೆಂಬರ್‌ನಲ್ಲಿ ‘ಡೆಸ್ಮಂಡ್’ ಚಂಡಮಾರುತದ ಜೊತೆಗೆ ಬಂದ ಅಂಥ ಪಟ್ಟಿ ಇಂಗ್ಲೆಂಡಿನ ಬೆಟ್ಟಗಳಿಗೆ ಬಡಿದು, ಹಾನಿಸ್ಟರ್ ಪಾಸ್ ಎಂಬಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ಸುರಿಸಿತು. ಅದು ಬ್ರಿಟನ್‌ನ ದಾಖಲೆ.

ಹೆಸರು ಚೆನ್ನಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ನದಿ ಎಂದರೆ ಎಲ್ಲೋ ಉಗಮ, ಎಲ್ಲೋ ಸಂಗಮ. ಉಷ್ಣವಲಯದಲ್ಲಿ ಹೊರಟ ಆವಿ ಸಾವಿರಾರು ಕಿಲೋಮೀಟರ್ ಹರಿದು ಬಂದು ಇಲ್ಲಿ ಮಳೆಯಾಯಿತು ಎಂಬ ಚಿತ್ರ ಮೂಡುತ್ತದೆ. ಬ್ರಿಟನ್‌ನ ರೆಡಿಂಗ್ ವಿಶ್ವವಿದ್ಯಾಲಯದ ಹೆಲೆನ್ ಡಾಕ್ರೆ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಶ್ನಿಸಿದರು. ಅವರ ಪ್ರಕಾರ ಚಂಡಮಾರುತ ತಾನು ಸಾಗುವ ದಾರಿಯಲ್ಲಿ ಸಿಕ್ಕ ತೇವಾಂಶವನ್ನು ಶೀತ ಮುಂಚೂಣಿಯಿಂದ, ಅಂದರೆ ತಣ್ಣನೆಯ ಗಾಳಿ ಮುನ್ನುಗ್ಗುವ ಫ್ರಂಟ್‌ನಿಂದ, ಪೊರಕೆಯಂತೆ ಗುಡಿಸಿ ರಾಶಿ ಹಾಕುತ್ತದೆ. ನಮಗೆ ಉದ್ದನೆಯ ನದಿಯಂತೆ ಕಾಣುವುದು ಬಹುಮಟ್ಟಿಗೆ ಅದು ಹಿಂದೆ ಬಿಟ್ಟುಹೋದ ಹೆಜ್ಜೆಗುರುತು. ಇದು ಪದಗಳ ಜಗಳ ಎಂದು ತಳ್ಳಿಹಾಕುವಂತಿಲ್ಲ. ನೀರು ದೂರದಿಂದ ಬರುವುದಾದರೆ ಉಷ್ಣವಲಯದ ಸಮುದ್ರವನ್ನು ನೋಡಬೇಕು, ದಾರಿಯಲ್ಲಿ ಗುಡಿಸಿದ್ದಾದರೆ ಚಂಡಮಾರುತದ ಹಾದಿಯ ಕೆಳಗಿನ ಸಮುದ್ರ ಎಷ್ಟು ಬಿಸಿಯಿದೆ ಎಂಬುದನ್ನು ನೋಡಬೇಕು. ನನಗೆ ಪೊರಕೆಯ ಚಿತ್ರವೇ ಹೆಚ್ಚು ಒಪ್ಪಿಗೆ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ನಡೆಯುತ್ತವೆ ಎನ್ನುವವರೂ ಇದ್ದಾರೆ.

ಪ್ರಯಾಣಿಕ ಎತ್ತಾದ ಕಥೆ

ಆವಿ ಗಾಳಿಯಲ್ಲಿದ್ದರೆ ಸಾಲದು, ಮೇಲೇರಬೇಕು. 1970ರ ದಶಕದ ಆರಂಭದಲ್ಲಿ ಬ್ರಿಟನ್‌ನ ಕೀತ್ ಬ್ರೌನಿಂಗ್ ಮೊದಲಾದವರು ರೇಡಾರ್ ಹಿಡಿದು ಈ ಏರಿಕೆಯನ್ನು ಹಿಂಬಾಲಿಸಿದರು. ಅವರಿಗೆ ಕಂಡದ್ದು ಓರೆಯಾಗಿ ಮೇಲೇರುವ ಗಾಳಿಯ ಪಟ್ಟೆ. ಗೋದಾಮಿನಲ್ಲಿ ಮೂಟೆಗಳನ್ನು ಮೇಲಂತಸ್ತಿಗೆ ಸಾಗಿಸುವ ಕನ್ವೇಯರ್ ಬೆಲ್ಟಿನಂಥದ್ದು. ಹೆಸರೂ ಅದೇ ಆಯಿತು. ನೆಲದ ಬಳಿಯ ಬೆಚ್ಚನೆಯ, ತೇವದ ಗಾಳಿ ಎರಡು ದಿನಗಳೊಳಗೆ ಎಂಟು ಹತ್ತು ಕಿಲೋಮೀಟರ್ ಎತ್ತರ ಮುಟ್ಟುತ್ತದೆ, ದಾರಿಯಲ್ಲಿ ತನ್ನ ನೀರನ್ನೆಲ್ಲ ಹೆಚ್ಚುಕಡಿಮೆ ಚೆಲ್ಲಿಬಿಡುತ್ತದೆ.

ಚೆಲ್ಲುವಾಗ ಏನಾಗುತ್ತದೆ? ಒಂದು ಚದರ ಕಿಲೋಮೀಟರ್ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿತ್ತೆನ್ನಿ. ಅದು ಹತ್ತು ಲಕ್ಷ ಲೀಟರ್ ನೀರು. ಅಷ್ಟು ಆವಿ ನೀರಾದಾಗ ಹೊರಬೀಳುವ ಗುಪ್ತೋಷ್ಣ ಸುಮಾರು ಏಳು ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ. ಇದನ್ನು ನೂರು ಮಿಲಿಮೀಟರಿಗೆ, ಸಾವಿರಾರು ಚದರ ಕಿಲೋಮೀಟರಿಗೆ ಹಿಗ್ಗಿಸಿ ನೋಡಿ. ಆ ಶಾಖ ನಡು ವಾತಾವರಣದಲ್ಲಿ ಬಿಡುಗಡೆಯಾದಾಗ ಅದರ ಕೆಳಗಿನ ಸುಳಿ ಬಿಗಿಯಾಗುತ್ತದೆ, ನೆಲಮಟ್ಟದ ಒತ್ತಡ ಇನ್ನಷ್ಟು ಕುಸಿಯುತ್ತದೆ, ಸುಳಿ ಇನ್ನಷ್ಟು ತೇವವನ್ನು ಒಳಗೆಳೆಯುತ್ತದೆ. 1999ರ ಡಿಸೆಂಬರ್ 26ರಂದು ಫ್ರಾನ್ಸನ್ನು ಸೀಳಿಕೊಂಡು ಹೋದ ‘ಲೋಥಾರ್’ ಚಂಡಮಾರುತವನ್ನು ಕಂಪ್ಯೂಟರ್ ಮಾದರಿಯಲ್ಲಿ ಮತ್ತೆ ಓಡಿಸಿದ ಸಂಶೋಧಕರು, ಒಮ್ಮೆ ಈ ಗುಪ್ತೋಷ್ಣವನ್ನು ಲೆಕ್ಕದಿಂದ ಕಿತ್ತುಹಾಕಿ ನೋಡಿದರು. ಚಂಡಮಾರುತ ಬಲಗೊಳ್ಳಲೇ ಇಲ್ಲ. ಚಾರ್ನಿ, ಈಡಿ ಬಿಟ್ಟುಹೋಗಿದ್ದ ಪ್ರಯಾಣಿಕ ಕೆಲವೊಮ್ಮೆ ಬಂಡಿಯನ್ನೇ ಎಳೆಯುತ್ತಾನೆ.

ಏಳು ಕೇವಲ ಮೊದಲ ಅಂದಾಜು ಆಗುವುದು ಇಲ್ಲೇ. ತೇವ ಹೆಚ್ಚಿದಾಗ ಏರಿಕೆಯ ರಭಸವೂ ಹೆಚ್ಚಿದರೆ ಗುಣಾಕಾರದ ಎರಡು ಅಂಶಗಳು ಒಟ್ಟಿಗೆ ಏರುತ್ತವೆ. ನೆದರ್ಲೆಂಡ್ಸ್‌ನ ಡೆ ಬಿಲ್ಟ್‌ನಲ್ಲಿರುವ ಮಳೆಮಾಪಕದ ದೀರ್ಘ ದಾಖಲೆಯನ್ನು ಪರಿಶೀಲಿಸಿದ ಗೀರ್ಟ್ ಲೆಂಡರಿಂಕ್ ಮತ್ತು ಎರಿಕ್ ಫಾನ್ ಮೈಗಾರ್ಡ್ 2008ರಲ್ಲಿ ತೋರಿಸಿದ್ದೇನೆಂದರೆ, ದಿನದ ಮಟ್ಟದಲ್ಲಿ ಶೇ 7ರ ಆಸುಪಾಸಿನಲ್ಲಿರುವ ಏರಿಕೆ, ಗಂಟೆಯ ಮಟ್ಟದ ಬಿರುಮಳೆಯಲ್ಲಿ ತಾಪಮಾನ ಸುಮಾರು 12 ಡಿಗ್ರಿ ದಾಟಿದ ಮೇಲೆ ಡಿಗ್ರಿಗೆ ಶೇ 14ರಷ್ಟಾಗುತ್ತದೆ. ಇದರ ಅರ್ಥವೇನು ಎಂಬ ಬಗ್ಗೆ ವಾದ ಮುಗಿದಿಲ್ಲ. ಬೆಚ್ಚನೆಯ ದಿನಗಳಲ್ಲಿ ಮಳೆಯ ಬಗೆಯೇ ಬದಲಾಗುವುದರಿಂದ, ಅಂದರೆ ಮುಂಚೂಣಿಯ ಹದವಾದ ಮಳೆಯ ಬದಲು ಗುಡುಗುಮಳೆ ಹೆಚ್ಚುವುದರಿಂದ, ಹಾಗೆ ಕಾಣುತ್ತಿದೆ ಎಂದು ಕೆಲವರು ಹೇಳುತ್ತಾರೆ. ಇತ್ತೀಚಿನ ವಿಮಾನ ವೀಕ್ಷಣೆಗಳು ಮತ್ತು ಸೂಕ್ಷ್ಮ ಮಾದರಿಗಳು ಈ ಎರಡು ಬಗೆಗಳ ನಡುವಿನ ಗೋಡೆಯನ್ನೇ ತೆಳುವಾಗಿಸಿವೆ. ನಯವಾಗಿ ಏರುತ್ತದೆ ಎಂದುಕೊಂಡಿದ್ದ ಆ ಬೆಲ್ಟಿನ ಒಡಲಲ್ಲೇ ಸರ್ರನೆ ಮೇಲೇರುವ ಪುಟ್ಟ ಗುಡುಗುಮೋಡಗಳು ಅಡಗಿರುತ್ತವೆ.

ಹಗ್ಗಜಗ್ಗಾಟ

ಈಗ ಕಷ್ಟದ ಭಾಗ. ಸುಳಿಗಳ ಸಂಖ್ಯೆ, ಬಲ, ದಾರಿ ಬದಲಾಗುತ್ತವೆಯೇ? ಸುಳಿಯ ಇಂಧನ ಧ್ರುವ ಮತ್ತು ಉಷ್ಣವಲಯಗಳ ತಾಪಮಾನದ ಅಂತರ ಎಂದೆ. ಆರ್ಕ್‌ಟಿಕ್ ಪ್ರದೇಶ 1979ರಿಂದೀಚೆಗೆ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಹಾಗಾಗಿ ನೆಲಮಟ್ಟದಲ್ಲಿ ಅಂತರ ಕುಗ್ಗುತ್ತಿದೆ, ಸುಳಿಗಳು ಬಡವಾಗಬೇಕು. ಆದರೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಉಷ್ಣವಲಯವೇ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿ ಅಂತರ ಹಿಗ್ಗುತ್ತದೆ, ಸುಳಿಗಳು ಬಲಿಯಬೇಕು. ಗ್ರೀನ್‌ಲ್ಯಾಂಡಿನ ದಕ್ಷಿಣಕ್ಕೆ ಸುತ್ತಲಿನಷ್ಟು ಬಿಸಿಯಾಗದೆ ಉಳಿದಿರುವ ಸಮುದ್ರದ ತುಂಡೊಂದು ಉತ್ತರ ಅಟ್ಲಾಂಟಿಕ್‌ನಲ್ಲಿ ತನ್ನದೇ ಎಳೆತವನ್ನು ಸೇರಿಸುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಓಝೋನ್ ರಂಧ್ರ ಬೇಸಿಗೆಯ ಗಾಳಿಯ ಪಟ್ಟಿಯನ್ನು ಧ್ರುವದತ್ತ ತಳ್ಳಿದ್ದೂ ಉಂಟು. ಇನ್ನೊಂದು ಸೂಕ್ಷ್ಮ ವಾದವೂ ಇದೆ: ವಾತಾವರಣದಲ್ಲಿ ಈ ಸುಳಿಗಳ ಕೆಲಸ ಉಷ್ಣವಲಯದ ಶಾಖವನ್ನು ಧ್ರುವದ ಕಡೆಗೆ ಸಾಗಿಸುವುದು. ತೇವ ಹೆಚ್ಚಿದಷ್ಟೂ ಒಂದೊಂದು ಸುಳಿ ಒಯ್ಯುವ ಶಾಖ ಹೆಚ್ಚು, ಹಾಗಾಗಿ ಅದೇ ಕೆಲಸಕ್ಕೆ ಕಡಿಮೆ ಸುಳಿಗಳು ಸಾಕಾಗಬಹುದು.

ಹಗ್ಗವನ್ನು ಇಷ್ಟು ಕಡೆಯಿಂದ ಎಳೆಯುತ್ತಿದ್ದರೆ ಗಂಟು ಎತ್ತ ಸರಿಯುತ್ತದೆ ಎಂಬುದನ್ನು ಪ್ರತಿ ಮಾದರಿಯೂ ತನ್ನದೇ ರೀತಿ ಹೇಳುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಭಾಷೆ ಅದಕ್ಕೇ ಎರಡು ಬಗೆಯದು. ಈ ಆವರ್ತಮಾರುತಗಳು ತರುವ ಮಳೆ ಹೆಚ್ಚುತ್ತದೆ ಎಂಬುದರ ಬಗ್ಗೆ ಖಚಿತ ಸ್ವರ, ಸಂಖ್ಯೆ ಮತ್ತು ಗಾಳಿಯ ವೇಗದ ಬಗ್ಗೆ ತಗ್ಗಿದ ಸ್ವರ. ಇದನ್ನು ವಿಜ್ಞಾನಿಗಳ ಅಳುಕು ಎಂದು ಓದುವವರಿದ್ದಾರೆ. ನನಗೆ ಇದು ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ. ಇದಕ್ಕೆ ಹೋಲಿಸಿದರೆ ‘ಆರ್ಕ್‌ಟಿಕ್ ಬಿಸಿಯಾಗಿದ್ದರಿಂದ ಜೆಟ್ ಪ್ರವಾಹ ಸೊಟ್ಟಗಾಗಿದೆ, ಹವೆ ಒಂದೆಡೆ ಸಿಕ್ಕಿಹಾಕಿಕೊಳ್ಳುತ್ತಿದೆ’ ಎಂಬ ಮಾತು ಪತ್ರಿಕೆಗಳಲ್ಲಿ ಇತ್ಯರ್ಥವಾದ ಸತ್ಯದಂತೆ ಓಡಾಡುತ್ತಿದೆ. ಜೆಟ್ ಪ್ರವಾಹ ಎಂದರೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಪಟ್ಟಿ. 2012ರಲ್ಲಿ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ ಮುಂದಿಟ್ಟ ಊಹೆ ಅದು. ಚೆಂದದ ಊಹೆ, ಕಥೆಯಂತೆ ಹೇಳಲು ಸುಲಭ. ಆಮೇಲಿನ ಪುರಾವೆಗಳು ಮಾತ್ರ ಒಂದೇ ದನಿಯಲ್ಲಿ ಮಾತನಾಡಿಲ್ಲ.

ನೀರು ಮತ್ತು ಗಾಳಿಯ ಪಾಲುಗಳನ್ನು ತೂಗಿ ನೋಡಿದ ಒಂದು ಪ್ರಯತ್ನ ನನಗೆ ಬಹಳ ಇಷ್ಟ. 2013-14ರ ಚಳಿಗಾಲ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1766ರಿಂದ ಇರುವ ಮಳೆಯ ದಾಖಲೆಯಲ್ಲೇ ಅತಿ ತೇವದ್ದು. ಒಂದು ದೈತ್ಯ ಚಂಡಮಾರುತ ಬಂದದ್ದರಿಂದ ಹಾಗಾಗಲಿಲ್ಲ. ಸಾಧಾರಣದವು, ಬಲವಾದವು ಬೆನ್ನುಬೆನ್ನಿಗೆ ಬರುತ್ತಲೇ ಇದ್ದವು. ನೆಲ ಹಿಂದಿನ ನೀರನ್ನು ಕುಡಿದು ಮುಗಿಸುವ ಮೊದಲೇ ಮುಂದಿನದು ಬಾಗಿಲಲ್ಲಿರುತ್ತಿತ್ತು. ನಥಾಲಿ ಶಾಲರ್ ಮುಂದಾಳತ್ವದ ತಂಡ ಸ್ವಯಂಸೇವಕರ ಮನೆಗಳಲ್ಲಿ ಬಿಡುವಾಗಿದ್ದ ಕಂಪ್ಯೂಟರ್‌ಗಳನ್ನು ಜೋಡಿಸಿಕೊಂಡು ಆ ಜನವರಿಯನ್ನು ಒಂದು ಲಕ್ಷಕ್ಕೂ ಹೆಚ್ಚು ಸಲ ಮರುಸೃಷ್ಟಿಸಿತು: ಒಮ್ಮೆ ಇಂದಿನ ಜಗತ್ತಿನಲ್ಲಿ, ಒಮ್ಮೆ ಮನುಷ್ಯನ ಹೊಗೆಯಿಲ್ಲದ ಕಲ್ಪಿತ ಜಗತ್ತಿನಲ್ಲಿ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆಚ್ಚಿದ ಮಳೆಯ ಸುಮಾರು ಮೂರನೇ ಎರಡು ಪಾಲಿಗೆ ತೇವಾಂಶ ಕಾರಣ, ಉಳಿದ ಮೂರನೇ ಒಂದಕ್ಕೆ ಗಾಳಿಯ ಹರಿವಿನಲ್ಲಾದ ಬದಲಾವಣೆ. ಲಕ್ಷ ಸಲ ಓಡಿಸಿದರೆ ಮಾತ್ರ ಆ ಒಂದು ಪಾಲು ಹವೆಯ ಆಕಸ್ಮಿಕ ಏರಿಳಿತಗಳ ಗದ್ದಲದಿಂದ ಬೇರ್ಪಟ್ಟು ಕಾಣಿಸುತ್ತದೆ ಎಂಬುದನ್ನೂ ಗಮನಿಸಬೇಕು. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಕಾಣುವ ಜನವರಿಗಳು ನೂರನ್ನೂ ದಾಟುವುದಿಲ್ಲ.

ಕುಳಿತುಬಿಟ್ಟ ಸುಳಿ

ಮೂರನೆಯ ಅಂಶ ಹೊತ್ತು. ಮುಖ್ಯ ಗಾಳಿಯ ಹರಿವಿನಿಂದ ತುಂಡರಿಸಿ ಬೇರೆಯಾದ ಸುಳಿಗೆ ಮುಂದೆ ತಳ್ಳುವವರು ಯಾರೂ ಇರುವುದಿಲ್ಲ. ಅದು ನಿಂತಲ್ಲೇ ಸುತ್ತುತ್ತದೆ. 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆಯನ್ನು ಕೊಚ್ಚಿದ ಮಳೆ ಇಂಥದ್ದು. 2024ರ ಅಕ್ಟೋಬರ್ 29ರಂದು ಸ್ಪೇನ್‌ನ ವೆಲೆನ್ಸಿಯಾ ಪ್ರಾಂತ್ಯದ ತುರೀಸ್‌ನಲ್ಲಿ ಒಂದೇ ಗಂಟೆಗೆ 184.6 ಮಿಲಿಮೀಟರ್, ಒಂದು ದಿನಕ್ಕೆ 771.8 ಮಿಲಿಮೀಟರ್ ಸುರಿದದ್ದೂ ಹೀಗೆಯೇ ಬೇರ್ಪಟ್ಟ ಸುಳಿಯ ಅಂಚಿನಲ್ಲಿ. 2023ರ ಸೆಪ್ಟೆಂಬರ್‌ನ ‘ಡೇನಿಯಲ್’ ಕೂಡ ಈ ಕುಲದಲ್ಲೇ ಹುಟ್ಟಿತು. ಗ್ರೀಸ್‌ನ ಝಾಗೊರಾದಲ್ಲಿ ಒಂದು ದಿನದೊಳಗೆ 754 ಮಿಲಿಮೀಟರ್ ಸುರಿಸಿ, ಬೆಚ್ಚನೆಯ ಮೆಡಿಟರೇನಿಯನ್ ಮೇಲೆ ಅಲೆದಾಡುತ್ತ ಉಷ್ಣವಲಯದ ಚಂಡಮಾರುತದ ಲಕ್ಷಣಗಳನ್ನು ಮೈಗೂಡಿಸಿಕೊಂಡು ಲಿಬಿಯಾ ತಲುಪಿತು. ದೆರ್ನಾದಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಳೆಯೊಂದೇ ಅಲ್ಲ, ಆ ರಾತ್ರಿ ಒಡೆದ ಎರಡು ಅಣೆಕಟ್ಟುಗಳು.

ಬೋರಿಸ್ ಹಿಡಿದದ್ದು ಹಳೆಯ, ಹೆಸರಾಂತ ದಾರಿ. ಮೆಡಿಟರೇನಿಯನ್‌ನಿಂದ ಆಲ್ಪ್ಸ್ ಪರ್ವತಗಳನ್ನು ಪೂರ್ವದಿಂದ ಬಳಸಿಕೊಂಡು ಉತ್ತರಕ್ಕೆ ಏರುವ ಈ ಪಥವನ್ನು ಹವಾಮಾನ ತಜ್ಞರು ‘ಐದು ಬಿ’ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯಾಕೊಬ್ ಫಾನ್ ಬೆಬ್ಬರ್ ಯುರೋಪಿನ ಸುಳಿಗಳ ದಾರಿಗಳಿಗೆಲ್ಲ ಸಂಖ್ಯೆ ಕೊಟ್ಟಿದ್ದರು. ಉಳಿದವು ಮರೆತುಹೋದವು, ಇದೊಂದು ಬಳಕೆಯಲ್ಲಿ ಉಳಿಯಿತು. ಉಳಿದ ಕಾರಣ ಸಂತೋಷದ್ದಲ್ಲ: 1997ರ ಓಡರ್ ನದಿಯ ಪ್ರವಾಹ, 2002ರ ಎಲ್ಬ್ ಪ್ರವಾಹ ಎರಡಕ್ಕೂ ಇದೇ ದಾರಿ. ಇಂಥ ನಿಂತ ಸುಳಿಗಳು ಮುಂದೆ ಹೆಚ್ಚುತ್ತವೆಯೇ ಎಂಬುದು ಮತ್ತೆ ಹಗ್ಗಜಗ್ಗಾಟದ ಪ್ರಶ್ನೆ. 2.2 ಕಿಲೋಮೀಟರ್ ಸೂಕ್ಷ್ಮತೆಯ ಮಾದರಿ ಬಳಸಿದ ಬ್ರಿಟನ್‌ನ ಒಂದು ಅಧ್ಯಯನ, ಹೊರಸೂಸುವಿಕೆ ವಿಪರೀತವಾಗಿಯೇ ಮುಂದುವರಿದರೆ ಯುರೋಪಿನ ನೆಲದ ಮೇಲೆ ನಿಧಾನವಾಗಿ ಚಲಿಸುವ ತೀವ್ರ ಮಳೆಗಾಳಿಗಳು ಶತಮಾನದ ಅಂತ್ಯಕ್ಕೆ 14 ಪಟ್ಟು ಆಗಬಹುದು ಎಂದು 2021ರಲ್ಲಿ ಹೇಳಿತು. ಒಂದೇ ಮಾದರಿಯ, ಅತಿ ಕೆಟ್ಟ ಸನ್ನಿವೇಶದ ಅಂಕಿ ಎಂಬ ಎಚ್ಚರದೊಂದಿಗೆ ಅದನ್ನು ಓದಬೇಕು.

ಅಮೆರಿಕದ ಪಶ್ಚಿಮ ಕರಾವಳಿಯವರು ಈ ವಿಷಯದಲ್ಲಿ ಹೆಚ್ಚು ವ್ಯವಹಾರಸ್ಥರು. ಮಾರ್ಟಿ ರಾಲ್ಫ್ ಮತ್ತು ಸಂಗಡಿಗರು 2019ರಲ್ಲಿ ವಾತಾವರಣದ ನದಿಗಳಿಗೆ ಒಂದರಿಂದ ಐದರವರೆಗಿನ ಶ್ರೇಣಿ ಕೊಟ್ಟರು. ಶ್ರೇಣಿ ನಿರ್ಧಾರವಾಗುವುದು ಗಾಳಿಯ ವೇಗವೊಂದರಿಂದಲ್ಲ. ಎಷ್ಟು ಆವಿ ಸಾಗುತ್ತಿದೆ, ಎಷ್ಟು ಗಂಟೆ ಸಾಗುತ್ತಿದೆ ಎಂಬುದರಿಂದ. ನೀರು ಮತ್ತು ಹೊತ್ತು, ಎರಡೂ ಅದರಲ್ಲಿವೆ. ಒಂದನೇ ಶ್ರೇಣಿಯದು ಬಹುತೇಕ ವರ, ಐದನೆಯದು ಬಹುತೇಕ ಶಾಪ. ಕ್ಯಾಲಿಫೋರ್ನಿಯಾದ ಜಲಾಶಯಗಳು ತುಂಬುವುದೂ ಇವುಗಳಿಂದಲೇ, ತುಳುಕುವುದೂ ಇವುಗಳಿಂದಲೇ. 2017ರ ಫೆಬ್ರುವರಿಯಲ್ಲಿ ಓರೊವಿಲ್ ಅಣೆಕಟ್ಟಿನ ಕೋಡಿ ಹಾನಿಗೊಂಡು ಕೆಳಗಿನ ಊರುಗಳ ಸುಮಾರು 1.88 ಲಕ್ಷ ಜನರನ್ನು ತೆರವು ಮಾಡಿಸಬೇಕಾಯಿತು. ಬೆಚ್ಚನೆಯ ತೇವದ ಗಾಳಿ ಬಂದಾಗ ಬೆಟ್ಟದ ಮೇಲೆ ಹಿಮವಾಗಿ ಕೂರಬೇಕಿದ್ದ ನೀರು ಮಳೆಯಾಗಿ ನೇರ ಕೆಳಗಿಳಿಯುತ್ತದೆ, ಹಳೆಯ ಹಿಮವನ್ನೂ ಕರಗಿಸಿಕೊಂಡು ಬರುತ್ತದೆ. ಶೇ 7ರ ಲೆಕ್ಕದಲ್ಲಿ ಬಾರದ ಹೆಚ್ಚುವರಿ ಇದು.

ಎಣಿಸುವವರ ಪಾಡು

ಮಳೆಯನ್ನು ಅಳೆಯುವುದು ಸುಲಭ ಎಂಬ ಭಾವನೆ ನಮಗಿದೆ. ಸಮುದ್ರದ ಮೇಲೆ ಮಳೆಮಾಪಕ ಇಲ್ಲವೇ ಇಲ್ಲ ಎನ್ನಬೇಕು, ಬೆಟ್ಟಗಳ ಮೇಲಿನ ಮಾಪಕ ಬಿರುಗಾಳಿಗೆ ಸಿಕ್ಕಿ ಹನಿಗಳನ್ನು ಕಳೆದುಕೊಳ್ಳುತ್ತದೆ. ಈ ಸುಳಿಗಳು ಬಹುಪಾಲು ಆಯುಷ್ಯ ಕಳೆಯುವುದು ಸಮುದ್ರದಲ್ಲಿ. ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ 2014ರ ಫೆಬ್ರುವರಿಯಲ್ಲಿ ಹಾರಿಸಿದ ಜಿಪಿಎಂ ಉಪಗ್ರಹದ ರೇಡಾರ್, ಉತ್ತರ ಮತ್ತು ದಕ್ಷಿಣಕ್ಕೆ ಸುಮಾರು 65 ಡಿಗ್ರಿಯವರೆಗೆ ಮಳೆಯ ಒಳರಚನೆಯನ್ನು ನೋಡುತ್ತದೆ. ಅದಕ್ಕೂ ಮೊದಲಿನ ಇಂಥ ಉಪಗ್ರಹದ ಕಣ್ಣು ಉಷ್ಣವಲಯಕ್ಕೆ ಸೀಮಿತವಾಗಿತ್ತು. ಅಂದರೆ ಮಧ್ಯ ಅಕ್ಷಾಂಶಗಳ ಸಮುದ್ರದ ಮಳೆಯನ್ನು ಬಾಹ್ಯಾಕಾಶದ ರೇಡಾರಿನಿಂದ ಹೀಗೆ ಕಂಡ ಅನುಭವ ಹೆಚ್ಚುಕಡಿಮೆ ಒಂದು ದಶಕದ್ದು. ಪ್ರವೃತ್ತಿ ಗುರುತಿಸಲು ಅದು ಸಾಲದು.

ಸುಳಿಗಳನ್ನು ಎಣಿಸುವುದೂ ಸಲೀಸಲ್ಲ. ಅತಿ ಕಡಿಮೆ ಒತ್ತಡದ ಬಿಂದುವನ್ನು ಹಿಡಿಯಬೇಕೇ, ಗಾಳಿಯ ತಿರುಗುವಿಕೆಯನ್ನು ಹಿಡಿಯಬೇಕೇ? 2013ರಲ್ಲಿ ಹದಿನೈದು ವಿಧಾನಗಳನ್ನು ಒಂದೇ ದತ್ತಾಂಶದ ಮೇಲೆ ಓಡಿಸಿ ಹೋಲಿಸಿದಾಗ, ಆಳವಾದ ಬಲಶಾಲಿ ಸುಳಿಗಳ ವಿಷಯದಲ್ಲಿ ಅವು ಚೆನ್ನಾಗಿಯೇ ಒಪ್ಪಿದವು, ದುರ್ಬಲವಾದವುಗಳಲ್ಲಿ ಒಟ್ಟು ಸಂಖ್ಯೆಯೇ ಬೇರೆ ಬೇರೆ ಬಂತು. ಇನ್ನು ‘ಈ ಮಳೆ ಯಾವ ಸುಳಿಯದು’ ಎಂಬ ತಕರಾರು ಬೇರೆ. ಮುಂಚೂಣಿಯ ಬಾಲ ಕೇಂದ್ರದಿಂದ ಸಾವಿರಾರು ಕಿಲೋಮೀಟರ್ ದೂರಕ್ಕೆ ಚಾಚಿರುತ್ತದೆ. ಈ ಮಿತಿಗಳ ನಡುವೆಯೂ ಒಂದು ಸಂಗತಿ ಸ್ಪಷ್ಟ. ಯುರೋಪ್ ಮತ್ತು ಉತ್ತರ ಅಮೆರಿಕಗಳ ದೊಡ್ಡ ಭಾಗದಲ್ಲಿ ಚಳಿಗಾಲದ ಮಳೆ ಹಿಮಗಳ ಶೇ 70ಕ್ಕೂ ಹೆಚ್ಚು ಪಾಲು ಈ ಸುಳಿಗಳ ಕೊಡುಗೆ ಎಂದು ಮ್ಯಾಥ್ಯೂ ಹಾಕ್ರಾಫ್ಟ್ ತಂಡ 2012ರಲ್ಲಿ ತೋರಿಸಿತು. ಇವು ತಪ್ಪಿದರೆ ಬರ.

ಕೃತಕ ಬುದ್ಧಿಮತ್ತೆಯ ಮುನ್ಸೂಚನೆ ಈಗಿನ ಉತ್ಸಾಹ. 2023ರಲ್ಲಿ ಪಂಗು-ವೆದರ್, ಗ್ರಾಫ್‌ಕಾಸ್ಟ್ ಬಂದವು; 2025ರ ಫೆಬ್ರುವರಿಯಲ್ಲಿ ಯುರೋಪಿನ ಮುನ್ಸೂಚನಾ ಕೇಂದ್ರವೇ ತನ್ನದೊಂದನ್ನು ನಿತ್ಯ ಬಳಕೆಗೆ ತಂದಿತು. ಸುಳಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಇವು ನಿಜಕ್ಕೂ ಚುರುಕು. ಆದರೆ ಸರಾಸರಿ ದೋಷವನ್ನು ಕಡಿಮೆ ಮಾಡಲೆಂದೇ ಕಲಿತ ಯಂತ್ರ, ಸಂದೇಹ ಬಂದಾಗ ಅಂಚುಗಳನ್ನು ಸವೆಸಿ ನಯ ಮಾಡುತ್ತದೆ. ವಿಪರೀತ ಮಳೆ ಇರುವುದೇ ಆ ಅಂಚಿನಲ್ಲಿ. ಅವು ಕಲಿತ ಪಾಠದ ಪುಸ್ತಕ, ಹಿಂದಿನ ದಶಕಗಳ ಹವೆಯನ್ನು ಕಂಪ್ಯೂಟರಿನಲ್ಲಿ ಮರುಕಟ್ಟಿದ ಇಆರ್‌ಎ5 ದತ್ತಾಂಶ. ಅದರಲ್ಲಿ ಮಳೆ ಎಂಬುದು ಬಹುತೇಕ ಅಳೆದದ್ದಲ್ಲ, 31 ಕಿಲೋಮೀಟರ್ ಚೌಕಗಳ ಮಾದರಿಯೊಂದು ಲೆಕ್ಕ ಹಾಕಿದ್ದು. ಬೆಲ್ಟಿನೊಳಗಿನ ಗುಡುಗುಮೋಡಗಳು ಆ ಚೌಕದ ಕಣ್ಣಿಗೆ ಬೀಳುವುದಿಲ್ಲ.

ಈ ಎಲ್ಲ ಲೆಕ್ಕಗಳಿಗಾಗಿ ಕಾಯುತ್ತ ಕುಳಿತಿರುವವರು ಅಣೆಕಟ್ಟು ಕಟ್ಟುವವರು. ಅವರು ದಶಕಗಳಿಂದ ಬಳಸುತ್ತಿರುವ ಒಂದು ಅಂಕಿ ಇದೆ: ಸಂಭವನೀಯ ಗರಿಷ್ಠ ಮಳೆ. ಒಂದು ಜಾಗದಲ್ಲಿ ಪ್ರಕೃತಿ ಸುರಿಸಬಲ್ಲ ಅತಿ ಹೆಚ್ಚು ಮಳೆ ಎಂಬ ಕಲ್ಪನೆ ಅದು. ಹಿಂದೆ ಕಂಡ ದೊಡ್ಡ ಮಳೆಯನ್ನು ತೆಗೆದುಕೊಂಡು, ಅಂದಿನ ಗಾಳಿಯಲ್ಲಿ ತೇವಾಂಶ ಇನ್ನೂ ಎಷ್ಟು ಇರಬಹುದಿತ್ತೋ ಅಷ್ಟಕ್ಕೆ ಹಿಗ್ಗಿಸಿ ಇದನ್ನು ಪಡೆಯುತ್ತಾರೆ. ಮೂರು ಅಂಶಗಳಲ್ಲಿ ನೀರನ್ನು ಗರಿಷ್ಠಕ್ಕೆ ಏರಿಸುತ್ತಾರೆ, ಏರಿಕೆ ಮತ್ತು ಹೊತ್ತು ಆಗ ಕಂಡಷ್ಟೇ ಉಳಿಯುತ್ತವೆ. ಆ ನೀರಿನ ಗರಿಷ್ಠವೂ ಹಳೆಯ ಹವಾಮಾನದ್ದು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2024ರಲ್ಲಿ ಇದನ್ನು ಪರಿಶೀಲಿಸಿ, ಮೇಲ್ಮಿತಿ ಎಂಬುದೊಂದು ಇದೆ ಎಂಬ ಊಹೆಯನ್ನೇ ವ್ಯಾಖ್ಯೆಯಿಂದ ತೆಗೆಯಬೇಕೆಂದು ಸೂಚಿಸಿತು. ಅದರ ಬದಲು, ಯಾವುದೇ ಒಂದು ವರ್ಷದಲ್ಲಿ ಮೀರುವ ಸಾಧ್ಯತೆ ಅತ್ಯಂತ ಕಡಿಮೆ ಇರುವ ಮಳೆಯ ಪ್ರಮಾಣ ಎಂದು ಹೇಳಬೇಕು, ಅದು ಯಾವ ಕಾಲಾವಧಿಯ ಹವಾಮಾನಕ್ಕೆ ಅನ್ವಯ ಎಂಬುದನ್ನೂ ನಮೂದಿಸಬೇಕು, ಲೆಕ್ಕವನ್ನು ಕ್ರಮೇಣ ಕಿಲೋಮೀಟರ್ ಮಟ್ಟದ ಮಾದರಿಗಳಿಗೆ ವಹಿಸಬೇಕು ಎಂಬುದು ಅದರ ಸಲಹೆ. ಈಗ ನಿಂತಿರುವ ಅಣೆಕಟ್ಟುಗಳ ಕಡತಗಳಲ್ಲಿ ಮಾತ್ರ ಇನ್ನೂ ಹಳೆಯ ಅಂಕಿಯೇ ಇದೆ, ಎದುರಿಗೆ ಕಾಲಾವಧಿಯ ಅಂಕಣವೇ ಇಲ್ಲದೆ.